ಅತ್ತೆಯವರ ಶೂನ್ಯ ಟಿಕೆಟ್ ಮತ್ತು ನಮ್ಮ ಡೀಸೆಲ್ ಲೆಕ್ಕ

ಮೊನ್ನೆ ಹಾಲು ತರಲು ಹೋದಾಗ ನಮ್ಮ ಬೀದಿಯವರೊಬ್ಬರು ಕೇಳಿದರು, "ಏನ್ ಮೇಡಂ, ಡೀಸೆಲ್ ಈ ಪಾಟಿ ಏರಿದೆ, ನಿಮ್ಮ ಮನೆ ಗಾಡಿ ಇನ್ನೂ ಮಾರಿಲ್ವಾ?" ದನಿಯಲ್ಲಿ ಕಾಳಜಿಗಿಂತ ಖುಷಿ ಜಾಸ್ತಿ ಇತ್ತು. ಮಾರಿಲ್ಲ. ಮಾರುವ ಯೋಚನೆಯೂ ಇಲ್ಲ. ಯಾಕೆ ಅಂತ ಅವರಿಗೆ ಅಲ್ಲಿ ನಿಂತು ಹೇಳೋಕೆ ಆಗಲಿಲ್ಲ, ಹಾಲು ಒಡೆದು ಹೋಗುತ್ತಿತ್ತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ: ಮನೆ ಗಾಡಿ ಅಂದರೆ ನಮ್ಮ ಹಳೇ ಟೆಂಪೋ ಟ್ರಾವೆಲರ್. ನಮ್ಮನೆಯವರು ರಿಟೈರ್ ಆದ ವರ್ಷ ಕೊಂಡಿದ್ದು. ಸೀಟು ಕೀಳಿಸಿ, ಎರಡು ಮಂಚ, ಒಂದು ಸಿಂಕು, ನೂರು ಲೀಟರಿನ ನೀರಿನ ಟ್ಯಾಂಕು, ಮೂಲೆಯಲ್ಲೊಂದು ಕಮೋಡು ಹಾಕಿಸಿದೆವು. ಆರ್‌ಟಿಒ ಅನುಮತಿ ತಗೊಂಡು ಆರ್‌ಸಿಯಲ್ಲಿ ಬರೆಸಿಕೊಂಡೇ ಮಾಡಿಸಿದ್ದು. ಅದಿಲ್ಲದೆ ಸೀಟು ಕೀಳಿಸಿದರೆ ನಾಳೆ ಏನಾದರೂ ಆದಾಗ ಇನ್ಶೂರೆನ್ಸ್‌ನವರ ಮುಂದೆ ಕೂತು ಅಳಬೇಕಾಗುತ್ತದೆ. ಆ ಕಮೋಡೇ ನಮ್ಮ ಗಾಡಿಯ ಮುಖ್ಯ ಸಾಮಾನು. ಅತ್ತೆಗೆ 76 ವರ್ಷ, ಮಂಡಿ ನೋವು. ಅದೊಂದಿಲ್ಲದಿದ್ದರೆ ಅವರು ಹಾಸನ ಬಿಟ್ಟು ಹೊರಡುತ್ತಲೇ ಇರಲಿಲ್ಲ. ಲಾಡ್ಜ್ ಖರ್ಚು ಉಳಿಯುತ್ತೆ ಅಂತ ವ್ಯಾನ್ ಮಾಡಿಸಿದೆವು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಟ್ಯಾಕ್ಸು, ಇನ್ಶೂರೆನ್ಸು, ಸರ್ವೀಸು, ಟೈರು ಎಲ್ಲ ಸೇರಿಸಿದರೆ ಒಳ್ಳೆ ಹೋಂಸ್ಟೇನಲ್ಲೇ ಮಲಗಬಹುದು. ನಾನು ಇಪ್ಪತ್ತೆಂಟು ವರ್ಷ ಸೊಸೈಟಿಯಲ್ಲಿ ಲೆಕ್ಕ ಬರೆದವಳು, ಸುಮ್ನೆ ಹೇಳುತ್ತಿಲ್ಲ.

ಬೆಲೆ ಬಗ್ಗೆ ನನಗೂ ಸಿಟ್ಟಿದೆ. 2020ರ ಮೇ ತಿಂಗಳು ನೆನಪಿಸಿಕೊಳ್ಳಿ. ಲಾಕ್‌ಡೌನು, ಕಚ್ಚಾ ತೈಲದ ಬೆಲೆ ಪಾತಾಳಕ್ಕೆ ಇಳಿದಿತ್ತು. ಆಗ ಕೇಂದ್ರದವರು ಡೀಸೆಲ್ ಮೇಲಿನ ಸುಂಕವನ್ನು ಒಂದೇ ಏಟಿಗೆ 13 ರೂಪಾಯಿ ಏರಿಸಿದರು. ಆಮೇಲೆ 2021ರ ನವೆಂಬರ್‌ನಲ್ಲಿ 10, 2022ರ ಮೇನಲ್ಲಿ 6 ರೂಪಾಯಿ ಇಳಿಸಿದರು ಅನ್ನಿ. ಅದಾದ ಮೇಲೆ ರಾಜ್ಯದವರ ಸರದಿ. 2024ರ ಜೂನ್‌ನಲ್ಲಿ ಡೀಸೆಲ್ ಮಾರಾಟ ತೆರಿಗೆ ಶೇ. 14.34ರಿಂದ 18.44ಕ್ಕೆ ಹೋಯಿತು. 2025ರ ಏಪ್ರಿಲ್ 1ಕ್ಕೆ 21.17. ಅದೂ ಏಪ್ರಿಲ್ ಫೂಲ್ ದಿನವೇ. ಎರಡೂ ಸಲ ಸೇರಿ ಲೀಟರಿಗೆ ಐದು ರೂಪಾಯಿ ಹತ್ತಿರ ಏರಿತು, ಬೆಂಗಳೂರಿನಲ್ಲಿ 91 ಮುಟ್ಟಿತು. ಡೀಸೆಲ್ ಜಿಎಸ್‌ಟಿ ಒಳಗೆ ಬರುವುದಿಲ್ಲ. ಹಾಗಾಗಿ ನಮ್ಮ ಜೇಬಿಗೆ ಇಬ್ಬರೂ ಬೇರೆ ಬೇರೆ ಕೈ ಹಾಕಬಹುದು. ಅಷ್ಟಾದರೂ ಕೇರಳಕ್ಕಿಂತ ನಮ್ಮಲ್ಲಿ ಕಡಿಮೆ ಅಂತ ಸಮಾಧಾನ. ವಯನಾಡಿಗೆ ಹೋಗುವವರು ಗುಂಡ್ಲುಪೇಟೆಯಲ್ಲೇ ಟ್ಯಾಂಕ್ ತುಂಬಿಸಿಕೊಳ್ಳುವುದು ಅದಕ್ಕೇ.

ಹಾಸನದವರಿಗೆ ಇನ್ನೊಂದು ತಮಾಷೆ ಇದೆ. ಮಂಗಳೂರಿನಿಂದ ಹಾಸನದ ಮೇಲೆ ಹಾದು ಬೆಂಗಳೂರು ಹತ್ತಿರದ ದೇವನಗೊಂದಿವರೆಗೆ ಸುಮಾರು 360 ಕಿಲೋಮೀಟರ್ ಉದ್ದದ ಪೈಪ್‌ಲೈನ್ ಇದೆ. 2003ರಿಂದ ಪೆಟ್ರೋಲು, ಡೀಸೆಲ್ಲು ಅದರಲ್ಲೇ ಘಟ್ಟ ಹತ್ತಿ ಬರುತ್ತವೆ. ಇದನ್ನು ಹೇಳಿದಾಗ ಅತ್ತೆ ಕೇಳಿದರು, "ನಮ್ಮೂರ ಮೇಲೇ ಹೋಗುತ್ತಾ? ಹಂಗಿದ್ರೂ ನಮಗೆ ಕಮ್ಮಿ ಇಲ್ವಾ? ಹೇಮಾವತಿ ನೀರಿನ ಕಥೇನೇ ಆಯ್ತಲ್ಲ ಇದೂ."

ಸರಿ, ಸಿಟ್ಟು ಮಾಡಿಕೊಂಡರೆ ಟ್ಯಾಂಕ್ ತುಂಬುವುದಿಲ್ಲ. ನಮ್ಮನೆಯವರು ಮೈಲೇಜ್ ಹೆಚ್ಚಿಸುವ ಹಟಕ್ಕೆ ಬಿದ್ದರು.

ಮೊದಲು ಭಾರ. ಆಲೂಗಡ್ಡೆ ಲಾರಿಗಳ ಹಿಂದೆ ಕ್ಯೂ ನಿಂತು ವೇಬ್ರಿಡ್ಜ್ ಮೇಲೆ ಗಾಡಿ ಹತ್ತಿಸಿದೆವು. ಚೀಟಿಯಲ್ಲಿ 3,240 ಕೆಜಿ ಅಂತ ಬಂತು. ನಮ್ಮನೆಯವರ ಮುಖ ಸಪ್ಪಗಾಯಿತು. ಮನೆಗೆ ಬಂದು ಒಂದೊಂದೇ ಇಳಿಸಿದೆವು. ಮಂಚದ ಕೆಳಗಿಂದ ಇಪ್ಪತ್ತು ತೆಂಗಿನಕಾಯಿ ಬಂದವು. ಅದರ ಹಿಂದೆ ಕಬ್ಬಿಣದ ಕಾವಲಿ ಎರಡು. ಒಂದು ಪುಟ್ಟ ರುಬ್ಬುವ ಕಲ್ಲು, ಗೋಣಿಚೀಲ ಸುತ್ತಿ, ಮಗು ಮಲಗಿಸಿದ ಹಾಗೆ ಇಟ್ಟಿದ್ದರು. "ಇದ್ಯಾವಾಗ ಹತ್ತಿಸಿದ್ರಿ?" ಅಂದರೆ ಅತ್ತೆ, "ಮಿಕ್ಸಿ ಚಟ್ನಿ ನಿಮಗೆ ಸೇರುತ್ತೆ, ನನಗೆ ಸೇರಲ್ಲ" ಅಂದರು. ನೀರಿನ ಟ್ಯಾಂಕೂ ಖಾಲಿ ಮಾಡಿದೆವು. ಮಲೆನಾಡಿಗೆ ಹೋಗುವಾಗ ಹಾಸನದಿಂದ ನೀರು ಹೊತ್ತುಕೊಂಡು ಹೋಗುವುದು ಎಂಥ ಬುದ್ಧಿ! ಒಟ್ಟು 180 ಕೆಜಿ ಇಳಿಯಿತು. ಮೈಲೇಜ್ 9.1 ಇದ್ದಿದ್ದು 9.3 ಆಯಿತು. ಅಷ್ಟೇ. ಅತ್ತೆ ಮಾರನೇ ವಾರವೇ ಕಲ್ಲನ್ನು ವಾಪಸ್ ಹತ್ತಿಸಿದರು. ನಾನು ಏನೂ ಹೇಳಲಿಲ್ಲ. 0.2 ಕಿಲೋಮೀಟರಿಗೆ ಅತ್ತೆಯ ಜೊತೆ ಜಗಳ ಯಾರಿಗೆ ಬೇಕು.

(ಮೈಲೇಜ್ ನೋಡುವುದು ಹೇಗೆ ಅಂತ ಕೇಳುವವರಿಗೆ: ಒಂದೇ ಬಂಕು, ಒಂದೇ ಪಂಪು. ನಾಜಲ್ ತಾನಾಗಿ ಟಕ್ ಅಂತ ನಿಲ್ಲುವವರೆಗೆ ತುಂಬಿಸಿ, ಕಿಲೋಮೀಟರ್ ಬರೆದುಕೊಳ್ಳಿ. ಸುತ್ತಾಡಿ ಬಂದು ಮತ್ತೆ ಹಾಗೇ ತುಂಬಿಸಿ. ಓಡಿದ ಕಿಲೋಮೀಟರನ್ನು ಎರಡನೇ ಸಲ ಹಾಕಿಸಿದ ಲೀಟರಿನಿಂದ ಭಾಗಿಸಿ. ಡ್ಯಾಶ್‌ಬೋರ್ಡಿನ ಮುಳ್ಳು ನಂಬಿ ಲೆಕ್ಕ ಹಾಕಬೇಡಿ. ಅಳತೆ ಮೇಲೆ ಅನುಮಾನ ಬಂದರೆ ಬಂಕಿನಲ್ಲಿ 5 ಲೀಟರ್ ಅಳತೆ ಪಾತ್ರೆ ಇಟ್ಟಿರಲೇಬೇಕು, ಅದರಲ್ಲಿ ಹಿಡಿದು ತೋರಿಸಿ ಅಂತ ಕೇಳಬಹುದು. ಕೇಳಿದರೆ ಮುಖ ಗಂಟು ಹಾಕುತ್ತಾರೆ. ಹಾಕಲಿ.)

ಎರಡನೆಯದು ನ್ಯೂಟ್ರಲ್. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕಂದರೆ ಇದು ನಮ್ಮ ಕಡೆ ಎಲ್ಲರ ಮನೆ ರೋಗ. ಮುಳ್ಳಯ್ಯನಗಿರಿ ಕಡೆಯಿಂದ ಕೈಮರಕ್ಕೆ ಇಳಿಯುತ್ತಿದ್ದೆವು. ನಮ್ಮನೆಯವರು ಗೇರ್ ತೆಗೆದು ನ್ಯೂಟ್ರಲ್‌ಗೆ ಹಾಕಿದರು. "ರೀ, ಗೇರಲ್ಲೇ ಇರಲಿ" ಅಂದೆ. "ನಿಂಗೇನ್ ಗೊತ್ತು, ಈಗ ಡೀಸೆಲ್ ಕುಡಿಯೋದೇ ಇಲ್ಲ ನೋಡು" ಅಂದರು. ನಾಲ್ಕು ತಿರುವು ಕಳೆಯಿತು. ಐದನೇ ತಿರುವಿನಲ್ಲಿ ಸುಟ್ಟ ರಬ್ಬರಿನಂಥ ವಾಸನೆ ಬಂತು. ಅವರು ಬ್ರೇಕ್ ಒತ್ತುತ್ತಿದ್ದರು, ಪೆಡಲ್ಲು ಸ್ಪಂಜಿನ ಹಾಗೆ ಒಳಗೆ ಹೋಗುತ್ತಿತ್ತು. ಅತ್ತೆ ಹಿಂದಿನಿಂದ "ಮಂಜುನಾಥಾ" ಅಂದರು. ಅದು ನಮ್ಮನೆಯವರ ಹೆಸರಲ್ಲ, ಧರ್ಮಸ್ಥಳದ ಸ್ವಾಮಿಯನ್ನೇ ಕರೆದಿದ್ದು. ಹೇಗೋ ಸೆಕೆಂಡ್ ಗೇರಿಗೆ ಹಾಕಿ, ಮಣ್ಣಿನ ದಿಬ್ಬದ ಕಡೆ ಒತ್ತಿ ನಿಲ್ಲಿಸಿದರು. ಚಕ್ರದ ಹತ್ತಿರ ಕೈ ತಂದರೆ ಒಲೆ ಮುಂದೆ ಹಿಡಿದ ಹಾಗೆ ಬಿಸಿ. ಒಂದು ಗಂಟೆ ಅಲ್ಲೇ ಕೂತೆವು. ಯಾರೂ ಮಾತಾಡಲಿಲ್ಲ.

ಚಿಕ್ಕಮಗಳೂರಿನ ಮೆಕ್ಯಾನಿಕ್ ಹುಡುಗ ನಗುತ್ತಾ ಹೇಳಿದ್ದು ಇದು. ಗೇರಿನಲ್ಲಿದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಇಳಿಜಾರಿನಲ್ಲಿ ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ, ಡೀಸೆಲ್ ಪೂರೈಕೆ ನಿಂತುಹೋಗುತ್ತದೆ. ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ ಆರದ ಹಾಗೆ ಐಡ್ಲಿಂಗಿಗೆ ಡೀಸೆಲ್ ಕೊಡಲೇಬೇಕು. ಅಂದರೆ ಉಳಿಸೋಕೆ ಹೋಗಿ ಜಾಸ್ತಿ ಸುಟ್ಟಿದ್ದೆವು, ಜೊತೆಗೆ ಬ್ರೇಕ್ ಲೈನರೂ. ಅವತ್ತಿನ ಬಿಲ್ಲಿನಲ್ಲಿ ಇಪ್ಪತ್ತು ಸಲ ಗಿರಿ ಹತ್ತಿ ಇಳಿಯಬಹುದಿತ್ತು. ಇನ್ನೊಬ್ಬರು, ಅವರು ಯಾರು ಅಂತ ಬೇಡ, ಸೀಮೆಎಣ್ಣೆ ಬೆರೆಸಿ ಅಂತ ಸಲಹೆ ಕೊಟ್ಟರು. ಅದು ಕಾನೂನಿಗೂ ವಿರುದ್ಧ, ಪಂಪು ಇಂಜೆಕ್ಟರೂ ಹಾಳು. ಕೇಳಲು ಹೋಗಬೇಡಿ.

ನಿಜವಾಗಿ ಕೆಲಸ ಮಾಡಿದ್ದು ಒಂದೇ, ಸ್ಪೀಡ್ ಇಳಿಸಿದ್ದು. ಬೆಂಗಳೂರು ಹೆದ್ದಾರಿಯಲ್ಲಿ 90ರಲ್ಲಿ ಹೋಗುತ್ತಿದ್ದವರು 65ಕ್ಕೆ ಬಂದರು. ನಮ್ಮ ಗಾಡಿ ಮುಂದೆ ಚಪ್ಪಟೆ, ಮೇಲೆ ಎತ್ತರ, ಬೀರು ಓಡಿಸಿದ ಹಾಗೆ. 90ರಿಂದ 65ಕ್ಕೆ ಇಳಿದರೆ ಗಾಳಿಯ ತಡೆ ಹೆಚ್ಚು ಕಡಿಮೆ ಅರ್ಧವಾಗುತ್ತದೆ ಅಂತ ಮಗ ಫೋನಿನಲ್ಲಿ ಲೆಕ್ಕ ಹಾಕಿ ಹೇಳಿದ. ಟೈರಿನ ಗಾಳಿಯನ್ನೂ ಸರಿಯಾಗಿ ಹಿಡಿಸಿದೆವು. ಮೈಲೇಜ್ 10.8 ಆಯಿತು. ನಮ್ಮನೆಯವರು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದರು.

ನಾನು ಪುಸ್ತಕ ತೆಗೆದೆ. ಹಳೇ ಟ್ರಿಪ್ ಒಂದು: ಹಾಸನ, ಚಿಕ್ಕಮಗಳೂರು, ಶೃಂಗೇರಿ, ಆಗುಂಬೆ, ಉಡುಪಿ, ಮಂಗಳೂರು, ಶಿರಾಡಿ ಘಾಟಿ ಹತ್ತಿ ವಾಪಸ್. ಮೂರು ದಿನ, ಸುತ್ತಾಟ ಸೇರಿ 540 ಕಿಲೋಮೀಟರ್, 60 ಲೀಟರ್. ಲೆಕ್ಕ ಸುಲಭಕ್ಕೆ ಲೀಟರಿಗೆ 90 ಹಿಡಿಯಿರಿ, 5,400 ರೂಪಾಯಿ. ಇದರಲ್ಲಿ ಆ ಎರಡು ಸಲದ ತೆರಿಗೆ ಏರಿಕೆಯಿಂದ ನಮಗೆ ಹೆಚ್ಚಾಗಿದ್ದು ಎಷ್ಟು? 300 ರೂಪಾಯಿ. ಮೈಲೇಜ್ 10.8 ಆದರೆ 50 ಲೀಟರ್ ಸಾಕು, 900 ಉಳಿಯುತ್ತದೆ. ಒಳ್ಳೆಯದೇ. ಆದರೆ ಆ ಟ್ರಿಪ್‌ನಲ್ಲಿ ನಾವು ನೋಡಿದ್ದೇನು ಅಂತ ಯೋಚಿಸಿದರೆ ನೆನಪಾಗುವುದು ಮುಂದಿನ ಲಾರಿಯ ಹಿಂಭಾಗ. ಆಗುಂಬೆಗೆ ಹೋದಾಗ ಸೂರ್ಯ ಮುಳುಗಿಯಾಗಿತ್ತು. ಉಡುಪಿಯಲ್ಲಿ ಕೃಷ್ಣನಿಗೆ ಕೈ ಮುಗಿದು ಪಾರ್ಕಿಂಗಿಗೆ ಓಡಿದೆವು. ಮಲಗಲು ಮಂಚ ಇರುವ ಗಾಡಿಯಲ್ಲಿ ಹಗಲೆಲ್ಲ ಬೆಲ್ಟ್ ಹಾಕಿ ಕೂತಿದ್ದೆವು.

ಈಗ ನಾವು ಮಾಡುವುದು ಹೀಗೆ. ಹಾಸನದಿಂದ ಬೇಲೂರಿಗೆ 40 ಕಿಲೋಮೀಟರೂ ಇಲ್ಲ. ಅಲ್ಲಿ ವ್ಯಾನ್ ನಿಲ್ಲಿಸುತ್ತೇವೆ. ಹಳೇಬೀಡಿಗೆ ಕೆಎಸ್‌ಆರ್‌ಟಿಸಿ ಬಸ್ಸು. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆಯಲ್ಲ, ನನಗೂ ಅತ್ತೆಗೂ ಆಧಾರ್ ತೋರಿಸಿದರೆ ಶೂನ್ಯ ಟಿಕೆಟ್. ದುಡ್ಡು ಕೊಡುವುದು ನಮ್ಮನೆಯವರು ಒಬ್ಬರೇ. 2025ರ ಜನವರಿಯಲ್ಲಿ ಬಸ್ ದರ ಶೇ. 15 ಏರಿತು, ಅದರ ಬಿಸಿಯೂ ಅವರೊಬ್ಬರಿಗೇ. ಡೀಸೆಲ್ ತೆರಿಗೆಯಲ್ಲಿ ಕೊಟ್ಟಿದ್ದನ್ನು ಬಸ್ಸಿನಲ್ಲಿ ವಸೂಲಿ ಮಾಡುತ್ತಿದ್ದೇನೆ ಅಂತ ನಾನು ಹೇಳುವುದು. ಇದನ್ನು ಓದಿ ಕೆಲವರು ಬಿಟ್ಟಿ ಭಾಗ್ಯ ಅಂತ ಕಾಮೆಂಟ್ ಹಾಕುತ್ತೀರಿ, ಗೊತ್ತು. ಹಾಕಿ.

ಮೂಡಿಗೆರೆ ಹತ್ತಿರ ನಮ್ಮನೆಯವರ ಚಿಕ್ಕಮ್ಮನ ತೋಟ ಇದೆ. ಜನವರಿಯಲ್ಲಿ ಹೋದರೆ ಕಣದ ತುಂಬಾ ಕಾಫಿ ಹರಡಿರುತ್ತಾರೆ, ಚಪ್ಪಲಿ ಬಿಟ್ಟು ಓಡಾಡಬೇಕು. ಏಪ್ರಿಲ್ ಹೊತ್ತಿಗೆ ಕಣ ಖಾಲಿ. ಸಿಮೆಂಟಿನ ನೆಲ, ಸಮತಟ್ಟು, ಪಕ್ಕದಲ್ಲಿ ನೀರಿನ ನಲ್ಲಿ, ಗೋಡೌನಿನಲ್ಲಿ ಪ್ಲಗ್ ಪಾಯಿಂಟು. ಮೂರು ರಾತ್ರಿ ಅಲ್ಲೇ. ಮೊದಲೆಲ್ಲ ಮಳೆಗಾಲದಲ್ಲಿ ಸೋಲಾರ್ ಕೈಕೊಟ್ಟಾಗ ಬ್ಯಾಟರಿ ಚಾರ್ಜಿಗೆ ಗಂಟೆಗಟ್ಟಲೆ ಎಂಜಿನ್ ಓಡಿಸುತ್ತಿದ್ದೆವು. ಒಂದು ಫ್ಯಾನು, ಎರಡು ಫೋನಿಗೆ ಡೀಸೆಲ್ ಸುಡುವುದು, ಎಂಥ ದಡ್ಡತನ. ಈಗ ಪ್ಲಗ್ಗಿಗೆ ವೈರ್ ಎಳೆದರೆ ಆಯಿತು. ಬದಲಿಗೆ ಅತ್ತೆಯ ತೆಂಗಿನಕಾಯಿ, ಒಂದು ಚೀಲ ಆಲೂಗಡ್ಡೆ ಕೊಟ್ಟು ಬರುತ್ತೇವೆ. ಇಪ್ಪತ್ತು ಕಾಯಿ ಯಾಕೆ ಬೇಕಿತ್ತು ಅಂತ ಈಗ ಗೊತ್ತಾಯಿತು.

ಹೋದ ಸಲ ನಾವಿದ್ದಾಗಲೇ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಬಂತು. ಸಂಜೆ ನಾಲ್ಕಕ್ಕೆ ಶುರುವಾಗಿ ಏಳರವರೆಗೆ. ಗಾಡಿಯ ತಗಡಿನ ಮೇಲೆ ಹುರುಳಿ ಸುರಿದ ಸದ್ದು. ಒಳಗೆ ಅತ್ತೆ ಕಲ್ಲಿನಲ್ಲಿ ಚಟ್ನಿ ರುಬ್ಬುತ್ತಿದ್ದರು, ಚಿಕ್ಕಮ್ಮ ಅಕ್ಕಿರೊಟ್ಟಿ ತಟ್ಟಿಕೊಂಡು ಬಂದು ಇಲ್ಲೇ ಮಂಚದ ಮೇಲೆ ಕೂತರು. ಅದಾಗಿ ಒಂದು ವಾರಕ್ಕೆ ಹೂ ಅರಳಿದೆ ಅಂತ ಫೋನ್ ಬಂತು. ಮತ್ತೆ ಹೋದೆವು. ಬೆಳಿಗ್ಗೆ ಬಾಗಿಲು ತೆಗೆದರೆ ತೋಟ ಪೂರ್ತಿ ಬಿಳಿ, ಮಲ್ಲಿಗೆ ಅಂಗಡಿಯಲ್ಲಿ ನಿಂತ ಹಾಗೆ ವಾಸನೆ. ನಮ್ಮನೆಯವರು ಅವತ್ತು ಕೀಲಿಕೈ ಹುಡುಕಲೇ ಇಲ್ಲ.

ಅತ್ತೆಗೆ ಧರ್ಮಸ್ಥಳಕ್ಕೆ ಹೋಗಲೇಬೇಕು ಅನ್ನಿಸಿದರೆ ಮೂಡಿಗೆರೆಯಿಂದ ಬಸ್ಸು. ಚಾರ್ಮಾಡಿ ಇಳಿದು ಹತ್ತುವ ಕೆಲಸ ಬಸ್ಸಿನದು. ಮೂರು ಟನ್ ಗಾಡಿಯನ್ನು 800 ಮೀಟರ್ ಮೇಲಕ್ಕೆ ಎತ್ತುವುದಕ್ಕೇ, ಮುಂದೆ ಸಾಗುವುದು ಬೇರೆ, ಸುಮಾರು ಎರಡು ಲೀಟರ್ ಬೇಕು. ಅದೂ ಮಗನ ಲೆಕ್ಕವೇ. ಒಬ್ಬ ಮುದುಕಿಯನ್ನು ದೇವರ ಹತ್ತಿರ ಕರೆದುಕೊಂಡು ಹೋಗಲು ಮಂಚ, ಸಿಂಕು, ಕಮೋಡನ್ನೆಲ್ಲ ಘಾಟಿ ಇಳಿಸಿ ಹತ್ತಿಸಬೇಕಾ, ಹೇಳಿ.

ಈಗಿನ ಒಂದು ಟ್ರಿಪ್ 180 ಕಿಲೋಮೀಟರ್, 17 ಲೀಟರ್, 1,500 ಚಿಲ್ಲರೆ. ಮೊದಲು 5,400. ಮೈಲೇಜ್ ಸಾಹಸದಿಂದ ಉಳಿದಿದ್ದು 900, ಸುತ್ತದೆ ಇದ್ದಿದ್ದಕ್ಕೆ ಉಳಿದಿದ್ದು ಮೂರು ಸಾವಿರ. ನಮ್ಮನೆಯವರು ಇದನ್ನು ಇನ್ನೂ ಒಪ್ಪಿಲ್ಲ.

ಇಷ್ಟೆಲ್ಲ ನಾವು ಮಾಡಬಹುದು, ಯಾಕಂದರೆ ನಮ್ಮದು ಶೋಕಿ. ನಮ್ಮ ಹಿಂದಿನ ಬೀದಿಯಲ್ಲಿ ಗೂಡ್ಸ್ ಗಾಡಿ ಇಟ್ಟಿರುವ ಹುಡುಗ ಇದ್ದಾನೆ, ಮಂಡಿಗೆ ಆಲೂಗಡ್ಡೆ ಹೊಡೆಯುತ್ತಾನೆ. ಅವನಿಗೆ ಹೋಗಿ "ಕಿಲೋಮೀಟರ್ ಕಡಿಮೆ ಮಾಡಪ್ಪ" ಅನ್ನೋಕಾಗುತ್ತಾ? ಅರ್ಧ ದಾರಿಯಲ್ಲಿ ಮೂಟೆ ಇಳಿಸಿ ಬರೋಕಾಗುತ್ತಾ? ಬಾಡಿಗೆ ಐವತ್ತು ರೂಪಾಯಿ ಏರಿಸಿದರೆ ಬೇರೆಯವನನ್ನು ಕರೆಯುತ್ತಾರಂತೆ. ಡೀಸೆಲ್ ಏರಿಕೆ ಬಗ್ಗೆ ಕೂಗಾಡುವ ಹಕ್ಕು ಮೊದಲು ಅವನದು, ನಮ್ಮಂಥವರು ಸ್ವಲ್ಪ ಹಿಂದೆ ನಿಲ್ಲಬೇಕು.

ಅತ್ತೆ ಶೂನ್ಯ ಟಿಕೆಟ್‌ಗಳನ್ನೆಲ್ಲ ಎಲೆಅಡಿಕೆ ಚೀಲದಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. ಮೊನ್ನೆ ಮಗನನ್ನು ಕೇಳುತ್ತಿದ್ದರು, "ಗಾಡಿ ಹೆಸರಲ್ಲಿ ಒಂದು ಆಧಾರ್ ಮಾಡಿಸಕ್ಕಾಗಲ್ವೇನೋ?"

ಮುಂದಿನ ವಾರ ಸಖರಾಯಪಟ್ಟಣದ ಅಯ್ಯನಕೆರೆಗೆ ಹೊರಟಿದ್ದೇವೆ. ಎರಡು ರಾತ್ರಿ ನಿಲ್ಲುವ ಯೋಚನೆ. ಹತ್ತಿರದಲ್ಲಿ ಯಾರದ್ದಾದರೂ ತೋಟ, ಅಂಗಳ, ನೆರಳಿರುವ ಜಾಗ ಇದ್ದರೆ ಹೇಳಿ. ತೆಂಗಿನಕಾಯಿ ತರುತ್ತೇವೆ.