ಮಗು ಬೇಕೆಂದು ಕೇಳಿದ್ದಕ್ಕೆ ಆಪರೇಷನ್ ಚೀಟಿ

ಆ ಚೀಟಿಯನ್ನು ಹರಿದು ಹಾಕಲು ಮನಸ್ಸಾಗುತ್ತಿಲ್ಲ, ಇಟ್ಟುಕೊಂಡರೆ ಮೈಯೆಲ್ಲ ಉರಿಯುತ್ತದೆ. ಎಚ್‌ಐವಿ ಸೋಂಕಿರುವ, ಒಂದು ಮಗುವೂ ಇಲ್ಲದ ನನಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವಂತೆ ಅದರಲ್ಲಿ ಬರೆದಿದೆ.

ಒಳಗೆ ಹೋದಾಗ ಆ ಹೆರಿಗೆ ವೈದ್ಯೆ "ಕೂತ್ಕೊಳ್ಳಿ" ಎಂದೇ ಅಂದಿದ್ದರು. ಎಆರ್‌ಟಿ (ಎಚ್‌ಐವಿ ಚಿಕಿತ್ಸೆ) ಪುಸ್ತಕವನ್ನು ಮೇಜಿನ ಮೇಲಿಟ್ಟ ಕೂಡಲೇ ಅವರ ಕೈ ಹಿಂದಕ್ಕೆ ಸರಿಯಿತು. ಪೆನ್ನಿನ ಹಿಂತುದಿಯಿಂದ ಒಂದೊಂದೇ ಹಾಳೆ ಮಗುಚಿದರು. ಬಾಗಿಲು ತೆರೆದೇ ಇತ್ತು, ಹೊರಗಿನ ಬೆಂಚಿನಲ್ಲಿ ನಮ್ಮ ಓಣಿಯ ಇಬ್ಬರು ಹೆಂಗಸರು ಕುಳಿತಿದ್ದರು. "ನಿನಗೇ ಈ ಕಾಯಿಲೆ, ಇನ್ನೊಂದು ಜೀವ ಯಾಕೆ ಹಾಳು ಮಾಡ್ತೀಯ? ಗಂಡನಿಗೆ ಗೊತ್ತಾ?" ಎಂದು ಅವರಿಗೂ ಕೇಳಿಸುವಂತೆ ಕೇಳಿದರು. ಗಂಡ ನನ್ನ ಪಕ್ಕದಲ್ಲಿಯೇ ನಿಂತಿದ್ದರು. ಮದುವೆಗೆ ಮೊದಲೇ ಎಲ್ಲವನ್ನೂ ತಿಳಿದು ಒಪ್ಪಿದ ಆ ಮನುಷ್ಯ, ಸೋಂಕಿಲ್ಲದ ಆ ಮನುಷ್ಯ, ತಲೆ ತಗ್ಗಿಸಿ ನೆಲದ ಟೈಲ್ಸ್ ನೋಡುತ್ತಿದ್ದರು. ನಾನಾದರೋ "ಸರಿ ಮೇಡಂ" ಎಂದೆ, ಚೀಟಿ ತೆಗೆದುಕೊಂಡೆ, ಹೊರಡುವಾಗ "ಥ್ಯಾಂಕ್ಸ್" ಎಂದೂ ಹೇಳಿದೆ! ಉಗಿಸಿಕೊಂಡು ಕೈಮುಗಿದು ಬರುವುದರಲ್ಲಿ ನನಗೊಂದು ಬಿರುದು ಕೊಡಬೇಕು.

ನಾನು ಕೇಳಲು ಹೋಗಿದ್ದು ಇಷ್ಟೇ: ಈಗಿನ ಡೊಲುಟೆಗ್ರಾವಿರ್ ಎಂಬ ಎಚ್‌ಐವಿ ಔಷಧ ಇರುವ ಮಾತ್ರೆಯನ್ನೇ ಮುಂದುವರಿಸಬಹುದೇ, ಫೋಲಿಕ್ ಆಸಿಡ್ ಯಾವಾಗ ಶುರು ಮಾಡಬೇಕು? 2018ರಲ್ಲಿ ಬೋಟ್ಸ್‌ವಾನಾದಿಂದ ಬಂದ ವರದಿಯಿಂದ, ಗರ್ಭದ ಮಗುವಿಗೆ ತೊಂದರೆಯಾಗಬಹುದೆಂದು ಆ ಔಷಧದ ಬಗ್ಗೆ ಭಯ ಹುಟ್ಟಿತ್ತು. ಮುಂದಿನ ವರ್ಷವೇ ವಿಶ್ವ ಆರೋಗ್ಯ ಸಂಸ್ಥೆ ಗರ್ಭ ಧರಿಸಬಹುದಾದ ಹೆಂಗಸರಿಗೂ ಅದನ್ನೇ ಶಿಫಾರಸು ಮಾಡಿತು. ಓದಿಕೊಂಡಿದ್ದರೂ ಡಾಕ್ಟರ ಬಾಯಿಂದ ಕೇಳೋಣವೆಂದು ಹೋದೆ. ನನ್ನ ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ ಪ್ರಮಾಣ) ವರ್ಷಗಳಿಂದ ಪತ್ತೆಯಾಗದ ಮಟ್ಟದಲ್ಲಿದೆ, ಅಂದರೆ ದೈಹಿಕ ಸಂಪರ್ಕದಿಂದ ಗಂಡನಿಗೆ ಸೋಂಕು ತಗಲುವುದಿಲ್ಲ. ಏನೂ ಚಿಕಿತ್ಸೆಯಿಲ್ಲದಿದ್ದರೆ ಮಗುವಿಗೆ ಶೇ. 15ರಿಂದ 45ರಷ್ಟಿರುವ ಸೋಂಕಿನ ಅಪಾಯ, ತಾಯಿಯ ಮಾತ್ರೆ ಮತ್ತು ಮಗುವಿಗೆ ಕೊಡುವ, ಸೋಂಕು ತಡೆಯುವ ನೆವಿರಾಪಿನ್ ಸಿರಪ್‌ನಿಂದ ಶೇ. 5ಕ್ಕಿಂತ ಕೆಳಗಿಳಿಯುತ್ತದೆ. ಆ ಪುಸ್ತಕದಲ್ಲಿಯೇ ನನ್ನ ವೈರಲ್ ಲೋಡ್ ಬರೆದಿತ್ತು. ಪೆನ್ನು ಆ ಪುಟವನ್ನು ದಾಟಿ ಹೋಯಿತು.

ಎಚ್‌ಐವಿ ಇದೆಯೆಂದು ಚಿಕಿತ್ಸೆಯಲ್ಲಿ ತಾರತಮ್ಯ ಮಾಡಬಾರದೆಂಬ 2017ರ ಕಾಯ್ದೆ 2018ರ ಸೆಪ್ಟೆಂಬರಿನಿಂದಲೇ ಜಾರಿಯಲ್ಲಿದೆ. ಅದರ ಪ್ರತಿಯನ್ನು ಹಿಡಿದು ನಾಳೆಯೇ ಹೋಗಿ ಅದೇ ಮೇಜಿನ ಮೇಲೆ ಹಾಕುತ್ತೇನೆ. ಹಾಕಿ ಏನು ಬಂತು? ದೂರು ಕೊಟ್ಟರೆ ಹೆಸರು ಹೊರಬೀಳುತ್ತದೆ, ಈಗಾಗಲೇ ಬಿದ್ದಿರಬಹುದು, ಬಿಟ್ಟುಬಿಡುವುದೇ ಲೇಸು. ಬಿಡುವುದು ಹೇಗೆ? ಮನೆಯಲ್ಲಿ ಏನೂ ಗೊತ್ತಿಲ್ಲದ ಅತ್ತೆ ಪ್ರತಿ ಹಬ್ಬಕ್ಕೂ "ಏನಾದರೂ ವಿಶೇಷ ಇದೆಯೇನಮ್ಮಾ?" ಎಂದು ಕೇಳುತ್ತಾರೆ, ಅವರಿಗೆ ಈ ಚೀಟಿ ತೋರಿಸಲೇ?

ಎಆರ್‌ಟಿ ಕೇಂದ್ರದ ಆಪ್ತ ಸಮಾಲೋಚಕಿ "ಹೆರಿಗೆ ಡಾಕ್ಟರನ್ನು ಕೇಳಿ" ಎನ್ನುತ್ತಾರೆ, ಹೆರಿಗೆ ಡಾಕ್ಟರು "ಅಲ್ಲಿಯೇ ಕೇಳು" ಎನ್ನುತ್ತಾರೆ. ಹಾಗಾದರೆ ಯಾರನ್ನು ಕೇಳಬೇಕು? ಇದನ್ನು ಓದುತ್ತಿರುವವರಲ್ಲಿ ವೈದ್ಯರು ಯಾರಾದರೂ ಇದ್ದರೆ ಉಪದೇಶ ಬೇಡ, ಕನಿಕರವೂ ಬೇಡ. ಫೋಲಿಕ್ ಆಸಿಡ್ ಯಾವಾಗಿನಿಂದ, ಎಷ್ಟು ಎಂಬುದನ್ನಾದರೂ ಹೇಳಿ.