ಉಪ್ಪಿನ ಡಬ್ಬಿ ಮೇಲೆ 'ಸಾಲೊ'

ಎಸ್ಪೆರಾಂಟೊ ಅನ್ನೋ ಭಾಷೆ ಕಲಿಯೋಕೆ ಶುರು ಮಾಡಿ ಮೂರು ತಿಂಗಳಾಯಿತು. ಪದಗಳು ನೆನಪಿರಲಿ ಅಂತ ಅಡುಗೆಮನೆ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದ್ದೆ. ಉಪ್ಪಿನ ಡಬ್ಬಿ ಮೇಲೆ 'ಸಾಲೊ'. ಅಮ್ಮ ಕನ್ನಡಕ ಹಾಕಿಕೊಂಡು ಓದಿದರು. "ಉಪ್ಪು ಸಾಲಲ್ಲ ಅಂತ ಬಾಯಲ್ಲಿ ಹೇಳಿದ್ರೆ ಆಗ್ತಿರಲಿಲ್ವೇನೋ? ಚೀಟಿ ಬೇರೆ ಅಂಟಿಸಬೇಕಿತ್ತಾ?"

ಯಾರೋ ಕೂತು ಕಟ್ಟಿದ ಭಾಷೆ, ಅದಕ್ಕೆಲ್ಲಿ ಜೀವ ಅಂತ ಗೆಳೆಯರು ಕೇಳುತ್ತಾರೆ. ಅಡುಗೆಮನೆಗೆ ಬಂದು ನೋಡಿ ಅನ್ನುತ್ತೇನೆ ನಾನು.

ನಾಮಪದಗಳೆಲ್ಲ 'ಒ'ಕಾರದಲ್ಲಿ ಮುಗಿಯುತ್ತವೆ. ಆಕ್ವೊ ನೀರು, ದೊಮೊ ಮನೆ. ಪದಗಳ ಬೇರುಗಳು ಹೆಚ್ಚಾಗಿ ಯೂರೋಪಿನ ಭಾಷೆಗಳವು, ಸುಮ್ನೆ ಬಾಯಿಪಾಠ ಮಾಡಬೇಕು. ರುಚಿ ಹತ್ತುವುದು ಬೇರಿನ ಹಿಂದೆ ಹಚ್ಚುವ ಬಾಲಗಳಿಂದ. ಉಪ್ಪಿನ ಡಬ್ಬಿ ಸಾಲುಯೊ. ಮೊನೊ ದುಡ್ಡು, ಮೊನುಯೊ ಪರ್ಸು. ಕೊವ್ರಿ ಅಂದರೆ ಮುಚ್ಚು, ಕೊವ್ರಿಲೊ ಅಂದರೆ ಮುಚ್ಚಳ. ನಮ್ಮ ಮುಚ್ಚಳವೂ ಮುಚ್ಚುವುದರಿಂದಲೇ ಬಂದದ್ದು ಅಲ್ವಾ? ಆದರೆ ನಮ್ಮ 'ಅಳ'ವನ್ನು ಸಿಕ್ಕಿದ್ದಕ್ಕೆಲ್ಲ ಹಚ್ಚೋಕಾಗಲ್ಲ. ಅಲ್ಲಿ 'ಇಲ್' ಅನ್ನು ಧಾರಾಳವಾಗಿ ಹಚ್ಚಬಹುದು. ತುರಿಮಣೆಗೆ ಏನಂತಾರೋ ಗೊತ್ತಿರಲಿಲ್ಲ. ರಾಸ್ಪಿ ಅಂದರೆ ತುರಿ ಅಂತ ಗೊತ್ತಿತ್ತು. ಧೈರ್ಯ ಮಾಡಿ ರಾಸ್ಪಿಲೊ ಅಂತ ಬರೆದು ಅಂಟಿಸಿದೆ. ಆಮೇಲೆ ನಿಘಂಟು ತೆಗೆದರೆ ಅದೇ ಇದೆ! ಅವತ್ತು ಅರ್ಧ ಗಂಟೆ ನನ್ನನ್ನು ಹಿಡಿಯೋರಿರಲಿಲ್ಲ.

ಇದನ್ನು ಕಟ್ಟಿದ ಜಾಮೆನ್‌ಹಾಫ್‌ಗೆ ಬಾಲದ ಉಪಾಯ ಹೊಳೆದದ್ದು ಅಂಗಡಿ ಬೋರ್ಡಿನಿಂದ. ಸ್ಕೂಲು ಓದುವಾಗ ದಪ್ಪ ದಪ್ಪ ನಿಘಂಟುಗಳನ್ನು ಕಂಡರೆ ಹೆದರಿಕೆಯಂತೆ. ಒಂದು ದಿನ ಮಿಠಾಯಿ ಅಂಗಡಿಯ ರಷ್ಯನ್ ಬೋರ್ಡು ಕಣ್ಣಿಗೆ ಬಿತ್ತು, 'ಕೊಂದಿತೊರ್‌ಸ್ಕಾಯಾ'. ಬಾಗಿಲು ಕಾಯುವವನ ಕೋಣೆ ಬೋರ್ಡಿನಲ್ಲೂ ಇದೇ 'ಸ್ಕಾಯಾ' ಇತ್ತಲ್ಲ ಅನ್ನಿಸಿತು. ಒಂದು ಬಾಲದಿಂದ ಎಷ್ಟೋ ಪದ ಮಾಡಬಹುದಾದರೆ ಎಲ್ಲವನ್ನೂ ಯಾಕೆ ಉರು ಹೊಡೀಬೇಕು? 1887ರಲ್ಲಿ ವಾರ್ಸಾದಲ್ಲಿ ಅಚ್ಚಾದ ಮೊದಲ ಪುಸ್ತಕದಲ್ಲಿ ಇದ್ದದ್ದು ಸುಮಾರು 900 ಬೇರುಗಳಷ್ಟೇ.

ಬಾಲ ಜಾಸ್ತಿಯಾದರೆ ಪೇಚಾಟವೂ ಉಂಟು. ಸಾನಾ ಅಂದರೆ ಆರೋಗ್ಯವಾಗಿರುವ. ಮುಂದೆ 'ಮಾಲ್' ಸೇರಿದರೆ ಉಲ್ಟಾ. 'ಉಲ್' ಅಂದರೆ ಅಂಥ ವ್ಯಕ್ತಿ, 'ಏಯ್' ಅಂದರೆ ಜಾಗ. ಒಟ್ಟು ಸೇರಿ ಮಾಲ್‌ಸಾನುಲೇಯೊ, ಆಸ್ಪತ್ರೆ. ಹೇಳಿ ಮುಗಿಸೋದರಲ್ಲಿ ರೋಗಿಯ ಕಥೆ ಏನಾಗಬೇಕು? ಜಾಮೆನ್‌ಹಾಫ್ ಸ್ವತಃ ಕಣ್ಣಿನ ಡಾಕ್ಟರು! ಈಗ ಕೆಲವರು ಹೊಸ್ಪಿತಾಲೊ ಅಂದು ಕೈ ತೊಳೆದುಕೊಳ್ಳುತ್ತಾರೆ.

ಇದನ್ನೆಲ್ಲ ಸಹಿಸಿಕೊಂಡೆ. ಒಂದು ಮಾತ್ರ ಗಂಟಲಲ್ಲಿ ಇಳಿಯುತ್ತಿಲ್ಲ. ಅಪ್ಪ ಅಂದರೆ ಪಾತ್ರೊ, ಅಮ್ಮ ಅಂದರೆ ಪಾತ್ರೀನೊ. ಅಪ್ಪನಿಗೆ ಬಾಲ ಕಟ್ಟಿದರೆ ಅಮ್ಮ! ಎತ್ತಿನಿಂದ ಹಸು ಮಾಡಿದ ಹಾಗೇ, ಬೊವೊ, ಬೊವೀನೊ. 'ಅಮ್ಮ' ಅನ್ನೋ ಪದಕ್ಕೂ ಸ್ವಂತ ಬೇರು ಕೊಡದಿದ್ದರೆ ಹೇಗೆ? ಈ ಭಾಷೆ ಕಲಿತವರಲ್ಲೇ ಈ ತಕರಾರು ಬಹಳ ವರ್ಷಗಳಿಂದ ಇದೆ.

ಅಮ್ಮನಿಗೂ ಹೇಳಿದೆ. ಸಿಂಕಿನ ಮುಂದೆ ನಿಂತಿದ್ದರು. "ಪಾತ್ರೊ ಅಂದ್ರೆ ಅಪ್ಪನಾ? ಪಾತ್ರೆಗೂ ನಿಮ್ಮಪ್ಪಂಗೂ ಯಾವತ್ತೋ ಸಂಬಂಧ?" ಅಂದರು.