ಹೊಸದೋ ಸೆಕೆಂಡ್ ಹ್ಯಾಂಡೋ? ಮೊದಲು ಗಂಟೆ ಲೆಕ್ಕ ಹಾಕಿ

ಸಣ್ಣ ಜಮೀನಿಗೆ ಚಿಕ್ಕ ಟ್ರ್ಯಾಕ್ಟರ್ ಹೊಸದು ತಗೊಳ್ಳೋದಾ, ಸೆಕೆಂಡ್ ಹ್ಯಾಂಡ್ ತಗೊಳ್ಳೋದಾ ಅಂತ ಯಾರಾದರೂ ಕೇಳಿದರೆ ಸಾಕು, ಮಾತು ಹತ್ತು ನಿಮಿಷದಲ್ಲಿ ಬ್ರ್ಯಾಂಡ್ ಜಗಳಕ್ಕೆ ತಿರುಗುತ್ತದೆ. ಬ್ರ್ಯಾಂಡ್ ವಿಷಯ ಆಮೇಲೆ ನೋಡೋಣ. ಮೊದಲು ಹೇಳಬೇಕಾದದ್ದು ಒಂದೇ: ಆ ಗಾಡಿ ನಿಮ್ಮ ಜಮೀನಿನಲ್ಲಿ ವರ್ಷಕ್ಕೆ ಎಷ್ಟು ಗಂಟೆ ಓಡುತ್ತದೆ?

ಇದಕ್ಕೆ ಅಂದಾಜು ಬೇಡ, ಲೆಕ್ಕವೇ ಇದೆ. ಉಪಕರಣದ ಅಗಲವನ್ನು ಮೀಟರಿನಲ್ಲಿ, ವೇಗವನ್ನು ಗಂಟೆಗೆ ಇಷ್ಟು ಕಿಲೋಮೀಟರ್ ಅಂತ ಹಿಡಿದು ಗುಣಿಸಿ, ಹತ್ತರಿಂದ ಭಾಗಿಸಿ. ಗಂಟೆಗೆ ಎಷ್ಟು ಹೆಕ್ಟೇರ್ ಆಗುತ್ತದೆ ಅನ್ನೋದು ಸಿಗುತ್ತದೆ. 1.2 ಮೀಟರ್ ರೋಟವೇಟರ್, ಗಂಟೆಗೆ 3 ಕಿ.ಮೀ. ವೇಗ ಅಂದರೆ 0.36 ಹೆಕ್ಟೇರ್. ಬದುವಿನ ಹತ್ತಿರ ತಿರುಗಿಸುವುದು, ಹೊಡೆದ ಸಾಲಿನ ಮೇಲೆಯೇ ಒಂದಿಷ್ಟು ಮತ್ತೆ ಬೀಳುವುದು, ಸಿಕ್ಕಿಕೊಂಡ ಕಳೆ ಬಿಡಿಸುವುದು, ಇದಕ್ಕೆಲ್ಲ ಕಾಲು ಭಾಗ ಕಳೆದರೆ 0.27. ಎರಡು ಹೆಕ್ಟೇರನ್ನು ಒಂದು ಸಲ ಹೊಡೆಯಲು ಏಳೂವರೆ ಗಂಟೆ. ಬೆಳೆಗೆ ನಾಲ್ಕು ಸಲ, ವರ್ಷಕ್ಕೆ ಎರಡು ಬೆಳೆ ಅಂತ ಹಿಡಿದರೂ 60 ಗಂಟೆ. ಔಷಧಿ ಹೊಡೆಯುವುದು, ಗೊಬ್ಬರ ಸಾಗಿಸುವುದು ಸೇರಿಸಿ 120 ಅನ್ನಿ.

ಆಯಿಲ್ ಹೊತ್ತಿಗೆ ಸರಿಯಾಗಿ ಬದಲಾಗಿದ್ದರೆ, ಏರ್ ಫಿಲ್ಟರ್ ಕೈಬಿಟ್ಟಿಲ್ಲದಿದ್ದರೆ, ಚಿಕ್ಕ ಡೀಸೆಲ್ ಎಂಜಿನ್ ಬಿಚ್ಚುವ ಕೆಲಸಕ್ಕೆ ಬರುವ ಮುಂಚೆ ನಾಲ್ಕು ಸಾವಿರ ಗಂಟೆ ದಾಟುವುದು ಸಾಮಾನ್ಯ. 1500 ಗಂಟೆ ಓಡಿದ ಗಾಡಿ ತಂದರೂ ಉಳಿದ 2500 ಗಂಟೆ ಮುಗಿಸಲು ನಿಮಗೆ ಇಪ್ಪತ್ತು ವರ್ಷ ಬೇಕು. ಹೊಸ ಗಾಡಿಯ ವಾರಂಟಿ ಇಷ್ಟು ವರ್ಷ ಅಥವಾ ಇಷ್ಟು ಗಂಟೆ, ಯಾವುದು ಮೊದಲೋ ಅದು ಅಂತ ಇರುತ್ತದೆ. ವರ್ಷಕ್ಕೆ 120 ಗಂಟೆ ಓಡಿಸುವವರಿಗೆ ವರ್ಷದ ಮಿತಿಯೇ ಮೊದಲು ಬರುತ್ತದೆ, ಗಂಟೆಗಳು ಮುಕ್ಕಾಲು ಪಾಲು ಹಾಗೇ ಉಳಿದಿರುತ್ತವೆ. ಬಳಸದ ವಾರಂಟಿಗೂ ಸೇರಿಸಿಯೇ ದುಡ್ಡು ಕೊಟ್ಟಿರುತ್ತೀರಿ. ಬೆಲೆ ಅತಿ ಹೆಚ್ಚು ಇಳಿಯುವುದೂ ಮೊದಲ ಕೆಲವು ವರ್ಷಗಳಲ್ಲೇ.

ಹಾಗಾಗಿ ನನ್ನ ಅಭಿಪ್ರಾಯ ನೇರವಾಗಿ: ವರ್ಷಕ್ಕೆ 150 ಗಂಟೆಯೊಳಗೆ ಇದ್ದರೆ ಚೆನ್ನಾಗಿ ಪರೀಕ್ಷಿಸಿದ ಸೆಕೆಂಡ್ ಹ್ಯಾಂಡ್. 300 ದಾಟಿದರೆ, ಅಥವಾ ಬೇರೆಯವರ ಜಮೀನಿಗೂ ಬಾಡಿಗೆಗೆ ಹೊಡೆಯುವವರಾದರೆ ಹೊಸದು. ನಡುವಿನವರಿಗೆ ಉತ್ತರ ಗಾಡಿಯಲ್ಲಿಲ್ಲ, ಮೆಕ್ಯಾನಿಕ್ ಎಷ್ಟು ದೂರದಲ್ಲಿದ್ದಾನೆ ಅನ್ನುವುದರಲ್ಲಿದೆ. ಬಿತ್ತನೆಯ ಹದ ನಾಲ್ಕೈದು ದಿನ ಮಾತ್ರ ಸಿಗುವ ಕಡೆ, ಕರೆದರೆ ವಾರಕ್ಕೆ ಬರುವ ಮೆಕ್ಯಾನಿಕ್ ಒಬ್ಬನೇ ಇದ್ದರೆ, ಹೊಸದಕ್ಕೆ ಹೆಚ್ಚು ದುಡ್ಡು ಕೊಡುವುದು ದಡ್ಡತನ ಅಲ್ಲ.

ಸೆಕೆಂಡ್ ಹ್ಯಾಂಡ್ ಪರವಾಗಿ ಇನ್ನೊಂದು ಮಾತಿದೆ, ಇದನ್ನು ಹೆಚ್ಚಿನವರು ಮರೆಯುತ್ತಾರೆ. ಬರೀ ಟ್ರ್ಯಾಕ್ಟರ್ ಏನೂ ಉಳುವುದಿಲ್ಲ. ಇದ್ದ ದುಡ್ಡೆಲ್ಲ ಹೊಸ ಗಾಡಿಗೆ ಸುರಿದು, ಆಮೇಲೆ ಸಿಕ್ಕಿದ ಹಳೆ ಕಲ್ಟಿವೇಟರ್ ಕಟ್ಟಿಕೊಂಡು ಒದ್ದಾಡುವವರು ಬೇಕಾದಷ್ಟಿದ್ದಾರೆ. ಒಟ್ಟು ದುಡ್ಡಿನಲ್ಲಿ ಮೂರನೇ ಒಂದು ಪಾಲು ಉಪಕರಣಕ್ಕೆ ಎತ್ತಿಟ್ಟು, ಉಳಿದದ್ದರಲ್ಲಿ ಗಾಡಿ ಹುಡುಕಿ. ಎಚ್‌ಪಿ ನೋಡುವಾಗ ಬಾನೆಟ್ ಮೇಲಿನ ಸಂಖ್ಯೆ ನಂಬಬೇಡಿ. ರೋಟವೇಟರ್‌ಗೆ ಬೇಕಾದದ್ದು ಪಿಟಿಓ (ಉಪಕರಣ ತಿರುಗಿಸಲು ಗಾಡಿಯ ಹಿಂದೆ ಇರುವ ಶಾಫ್ಟ್) ಎಚ್‌ಪಿ. ಅದು ಎಂಜಿನ್ ಎಚ್‌ಪಿಗಿಂತ ನೂರಕ್ಕೆ ಹದಿನೈದರಷ್ಟು ಕಮ್ಮಿ ಇರುತ್ತದೆ, ಹೈಡ್ರೋಸ್ಟ್ಯಾಟಿಕ್ (ಗೇರ್ ಬದಲು ಆಯಿಲ್ ಒತ್ತಡದಿಂದ ಚಕ್ರ ತಿರುಗಿಸುವ) ಗಾಡಿಯಲ್ಲಿ ಇನ್ನೂ ಸ್ವಲ್ಪ ಕಮ್ಮಿ. ಉಪಕರಣ ಕಟ್ಟುವ ಹಿಂದಿನ ಲಿಂಕ್ ಅಳತೆಯಲ್ಲಿ ಕ್ಯಾಟಗರಿ 1 ಆಗಿರಲಿ: ಕೆಳಗಿನ ಪಿನ್ 22 ಮಿ.ಮೀ., ಟಾಪ್ ಲಿಂಕ್ ಪಿನ್ 19 ಮಿ.ಮೀ. ತೀರಾ ಪುಟ್ಟ ಗಾಡಿಗಳಲ್ಲಿ ಬರುವ ಕ್ಯಾಟಗರಿ 0 ಲಿಂಕಿಗೆ ಉಪಕರಣ ಹುಡುಕುವುದೇ ಒಂದು ಕೆಲಸ.

ಹೊಸದಕ್ಕೆ ಹೋಗುವವರು ಒಂದು ವಿಷಯ ಕೇಳಿಯೇ ಮುಂದುವರಿಯಿರಿ: ಸೈಲೆನ್ಸರ್‌ನಲ್ಲಿ ಹೊಗೆಯ ಮಸಿ ಹಿಡಿಯುವ ಡೀಸೆಲ್ ಪಾರ್ಟಿಕ್ಯುಲೇಟ್ ಫಿಲ್ಟರ್ ಇದೆಯಾ? ಅಮೆರಿಕ, ಯುರೋಪಿನ ಹೊಗೆ ನಿಯಮಗಳು 19 ಕಿಲೋವ್ಯಾಟ್, ಅಂದರೆ ಸುಮಾರು 25 ಎಚ್‌ಪಿ ದಾಟಿದ ಕೂಡಲೇ ಬಿಗಿಯಾಗುತ್ತವೆ. 24 ಚಿಲ್ಲರೆ ಎಚ್‌ಪಿಯ ಮಾಡೆಲ್‌ಗಳು ಅಷ್ಟೊಂದು ಇರುವುದು ಇದೇ ಕಾರಣಕ್ಕೆ. ಫಿಲ್ಟರ್ ತನ್ನಲ್ಲಿ ಕೂತ ಮಸಿಯನ್ನು ಸುಟ್ಟುಕೊಳ್ಳಬೇಕಾದರೆ ಹೊಗೆ ಚೆನ್ನಾಗಿ ಬಿಸಿಯಾಗಬೇಕು, ಅಂದರೆ ಎಂಜಿನ್ ಭಾರ ಎಳೆಯಬೇಕು. ಸಣ್ಣ ತೋಟದಲ್ಲಿ ಹತ್ತು ನಿಮಿಷ ಓಡಿಸಿ ನಿಲ್ಲಿಸುವುದು, ನ್ಯೂಟ್ರಲ್‌ನಲ್ಲಿ ಬಿಟ್ಟು ಮಾತಿಗೆ ನಿಲ್ಲುವುದೇ ಹೆಚ್ಚು. ಮಸಿ ಕಟ್ಟುತ್ತದೆ, ದೀಪ ಉರಿಯುತ್ತದೆ, ಗಾಡಿ ತಾನಾಗಿ ಶಕ್ತಿ ಇಳಿಸುತ್ತದೆ. ಅಂಥ ಬಳಕೆಗೆ 25 ಎಚ್‌ಪಿ ಒಳಗಿನ ಸಾದಾ ಎಂಜಿನ್ನೇ ಒಳ್ಳೆಯದು. ಇನ್ನು ಹೊಸ ಗಾಡಿಯ ಮೊದಲ ಸರ್ವಿಸ್, ಸಾಮಾನ್ಯವಾಗಿ 50 ಗಂಟೆಗೆ ಬರುವುದು, ತಪ್ಪಿಸಲೇಬಾರದು. ಹೊಸ ಗೇರು ಒಂದಕ್ಕೊಂದು ಉಜ್ಜಿ ಉದುರಿಸಿದ ಪುಡಿಯೆಲ್ಲ ಆಗ ಆಯಿಲ್‌ನಲ್ಲೇ ಇರುತ್ತದೆ, ವೀಲ್ ನಟ್‌ಗಳೂ ಸಡಿಲಾಗಿರುತ್ತವೆ.

ಈಗ ಸೆಕೆಂಡ್ ಹ್ಯಾಂಡ್ ನೋಡುವ ಬಗೆ. ಹೊಸ ಬಣ್ಣ ಹೊಡೆದ ಗಾಡಿ ಕಂಡರೆ ನಾನು ಬೆಲೆ ಕೇಳುವ ಮೊದಲು ಅನುಮಾನ ಪಡುತ್ತೇನೆ. ಬಣ್ಣ ಮಾಸಿದ, ಆದರೆ ಗ್ರೀಸ್ ನಿಪ್ಪಲ್‌ಗಳ ಸುತ್ತ ಹಸಿ ಗ್ರೀಸ್ ಇರುವ ಗಾಡಿಯೇ ಮೇಲು.

ಗಂಟೆ ಮೀಟರ್ ಅರ್ಧ ಸತ್ಯ ಹೇಳುತ್ತದೆ. ಕೇಬಲ್ ಇರುವ ಹಳೆ ಮೀಟರ್ ಎಂಜಿನ್ ಒಂದು ನಿಗದಿತ ವೇಗದಲ್ಲಿ ತಿರುಗಿದಾಗ ಮಾತ್ರ ಗಡಿಯಾರದ ಒಂದು ಗಂಟೆಗೆ ಒಂದು ಗಂಟೆ ತೋರಿಸುತ್ತದೆ. ನಿಧಾನಕ್ಕೆ ಓಡಿದಾಗ ಅದೂ ನಿಧಾನ. ಎಲೆಕ್ಟ್ರಾನಿಕ್ ಮೀಟರ್ ಎಂಜಿನ್ ವೇಗ ಎಷ್ಟೇ ಇರಲಿ ಒಂದೇ ಸಮ ಎಣಿಸುತ್ತದೆ. ಎರಡರಲ್ಲೂ 1500 ಅಂತಿದ್ದರೂ ಒಂದೇ ಅರ್ಥವಲ್ಲ. ಮೀಟರ್ ಬದಲಾಯಿಸುವುದೂ ಕಷ್ಟದ ಕೆಲಸವೇನಲ್ಲ. ಆದ್ದರಿಂದ ಸುಳ್ಳು ಹೇಳಲಾರದ ಜಾಗ ನೋಡಿ: ಕ್ಲಚ್ ಪೆಡಲಿನ ಮೇಲ್ಮೈ ಸವೆದು ನುಣ್ಣಗಾಗಿದೆಯಾ, ಡ್ರಾಬಾರ್ (ಹಿಂದೆ ಟ್ರೇಲರ್ ಸಿಕ್ಕಿಸುವ ಪಟ್ಟಿ) ತೂತು ಗುಂಡಗಿದೆಯಾ ಅಥವಾ ಮೊಟ್ಟೆಯಾಕಾರಕ್ಕೆ ಬಂದಿದೆಯಾ, ಕೆಳ ಲಿಂಕಿನ ಗುಂಡು ಎಷ್ಟು ಲಟಪಟ ಅನ್ನುತ್ತದೆ, ಪಿಟಿಓ ಶಾಫ್ಟಿನ ಆರು ಹಲ್ಲುಗಳ ಅಂಚು ಚೂಪಾಗಿದೆಯಾ. ಮೀಟರ್ 600 ತೋರಿಸಿ ಡ್ರಾಬಾರ್ ತೂತು ಉದ್ದವಾಗಿದ್ದರೆ ಆ 600ರ ಮುಂದೆ ಇನ್ನೊಂದು ಅಂಕಿ ಇತ್ತು ಅಂತಲೇ ತಿಳಿಯಿರಿ. ಟೈರಿನ ಬದಿಯಲ್ಲಿ ನಾಲ್ಕಂಕಿಯ ತಯಾರಿ ಗುರುತಿದ್ದರೆ ಓದಿ: 2318 ಅಂದರೆ 2018ರ 23ನೇ ವಾರ.

ಎಂಜಿನ್ ತಣ್ಣಗಿದ್ದಾಗಲೇ ಹೋಗಿ. ಸ್ಟಾರ್ಟ್ ಮಾಡುವ ಮೊದಲು ಬ್ಲಾಕ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ನೀವು ಬರುವ ಮುಂಚೆಯೇ ಓಡಿಸಿ ಇಟ್ಟಿದ್ದಾರೆ ಅಂತ ಅರ್ಥ. ಇನ್ನೊಂದು ದಿನ ಬರುತ್ತೇನೆ ಅನ್ನಿ. ರೇಡಿಯೇಟರ್ ಮುಚ್ಚಳವನ್ನೂ ಆಗಲೇ ತೆಗೆದು ನೋಡಿ, ಬಿಸಿಯಾದ ಮೇಲೆ ಮುಟ್ಟಬೇಡಿ. ನೀರಿನ ಮೇಲೆ ಆಯಿಲ್ ಪೊರೆ, ಡಿಪ್ ಸ್ಟಿಕ್‌ನಲ್ಲಿ ಹಾಲಿನಂಥ ಆಯಿಲ್, ಎರಡರಲ್ಲಿ ಒಂದು ಕಂಡರೂ ಹೆಡ್ ಗ್ಯಾಸ್ಕೆಟ್ ಕಡೆ ನೋಡಬೇಕು. ಆಯಿಲ್ ಮಟ್ಟ ಮೇಲಿನ ಗೆರೆ ದಾಟಿ ಡೀಸೆಲ್ ವಾಸನೆ ಬಂದರೆ ಪಂಪಿನಿಂದಲೋ ಇಂಜೆಕ್ಟರಿನಿಂದಲೋ ಡೀಸೆಲ್ ಕೆಳಗಿಳಿಯುತ್ತಿದೆ. ಮಟ್ಟ ಜಾಸ್ತಿ ಇದೆ, ಒಳ್ಳೆಯದೇ ಅಂತ ಬಿಟ್ಟರೆ ಬೇರಿಂಗ್ ಹೋಗುತ್ತದೆ.

ಸ್ಟಾರ್ಟ್ ಆದ ಕೂಡಲೇ ಸ್ವಲ್ಪ ಬಿಳಿ ಹೊಗೆ ತಪ್ಪಲ್ಲ, ಒಂದೆರಡು ನಿಮಿಷದಲ್ಲಿ ನಿಲ್ಲಬೇಕು. ಬಿಸಿಯಾದ ಮೇಲೂ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಭಾರಕ್ಕೆ ಬರುವ ಕಪ್ಪು ಹೊಗೆ ಬರೀ ಏರ್ ಫಿಲ್ಟರ್ ಕಟ್ಟಿದ್ದರಿಂದಲೂ ಇರಬಹುದು, ಅದಕ್ಕೆ ಹೆದರಿ ಓಡಬೇಕಿಲ್ಲ. ಇಪ್ಪತ್ತು ನಿಮಿಷ ಓಡಿದ ಮೇಲೆ, ನಿಧಾನ ವೇಗದಲ್ಲಿ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಬಾಯಿಯ ಮೇಲೆ ಬೋರಲಾಗಿ ಸುಮ್ಮನೆ ಇಡಿ. ಸಣ್ಣಗೆ ನಡುಗಿದರೆ ಸರಿ. ಹಾರಿ ಬಿದ್ದರೆ ರಿಂಗ್, ಬೋರ್ ಸವೆದು ಗ್ಯಾಸ್ ಕೆಳಗಿಳಿಯುತ್ತಿದೆ. ಎಂಜಿನ್ ಕೆಲಸದ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ, ಇಲ್ಲ ಗಾಡಿಯನ್ನೇ ಬಿಡಿ.

ಕ್ಲಚ್‌ಗೆ ಸ್ವಲ್ಪ ಹೊತ್ತು ಕೊಡಿ. ಸಣ್ಣ ಜಮೀನಿನ ಟ್ರ್ಯಾಕ್ಟರ್ ಓಡಿ ಹಾಳಾಗುವುದಕ್ಕಿಂತ ನಿಂತು ಹಾಳಾಗುವುದೇ ಹೆಚ್ಚು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯ ಕ್ಲಚ್ ಪ್ಲೇಟ್ ತುಕ್ಕು ಹಿಡಿದು ಫ್ಲೈವೀಲ್‌ಗೆ ಅಂಟಿಕೊಳ್ಳುತ್ತದೆ. ಪೆಡಲ್ ಪೂರ್ತಿ ಒತ್ತಿದರೂ ಗೇರ್ ಕರಕರ ಅನ್ನುತ್ತದೆ. ಪ್ಲೇಟಿನ ಬೆಲೆ ದೊಡ್ಡದಲ್ಲ, ಆದರೆ ಅದನ್ನು ಮುಟ್ಟಬೇಕಾದರೆ ಗಾಡಿಯನ್ನು ಎಂಜಿನ್ ಒಂದು ಕಡೆ, ಗೇರ್ ಬಾಕ್ಸ್ ಒಂದು ಕಡೆ ಅಂತ ಎರಡು ಮಾಡಬೇಕು. ಖರ್ಚೆಲ್ಲ ಆ ಕೂಲಿಯದ್ದು. (ಹೊಸದೋ ಹಳೆಯದೋ, ತಿಂಗಳ ಮೇಲೆ ನಿಲ್ಲಿಸುವಾಗ ಪೆಡಲ್ ಒತ್ತಿ ಮರದ ತುಂಡು ಕೊಟ್ಟು ಕಟ್ಟಿಡಿ, ಪ್ಲೇಟ್ ಅಂಟುವುದಿಲ್ಲ.) ಜಾರುತ್ತದೆಯಾ ಅಂತ ನೋಡಲು ಎತ್ತರದ ಗೇರ್‌ನಲ್ಲಿ ಏರು ಹತ್ತಿಸಿ: ಎಂಜಿನ್ ಸದ್ದು ಏರಿ ಗಾಡಿ ಏರದಿದ್ದರೆ ಪ್ಲೇಟ್ ಮುಗಿದಿದೆ.

ಕ್ಲಚ್ ಸಿಂಗಲ್ಲೋ ಡ್ಯುಯಲ್ಲೋ ಕೇಳಿ. ಡ್ಯುಯಲ್ ಆದರೆ ಪೆಡಲ್ ಅರ್ಧ ಒತ್ತಿದಾಗ ಚಕ್ರ ನಿಲ್ಲುತ್ತದೆ, ಪಿಟಿಓ ತಿರುಗುತ್ತಲೇ ಇರುತ್ತದೆ. ರೋಟವೇಟರ್ ಕೆಲಸಕ್ಕೆ ಇದೇ ಸುಖ. ಹಳೆ ಸಿಂಗಲ್ ಕ್ಲಚ್ ಗಾಡಿಗೆ ಹುಲ್ಲು ಕತ್ತರಿಸುವ ಸ್ಲ್ಯಾಷರ್ ಕಟ್ಟಿದರೆ, ಪೆಡಲ್ ಒತ್ತಿದ ಮೇಲೂ ಸ್ಲ್ಯಾಷರಿನ ತಿರುಗುವ ತೂಕವೇ ಪಿಟಿಓ ಮೂಲಕ ಗಾಡಿಯನ್ನು ಮುಂದಕ್ಕೆ ತಳ್ಳುತ್ತದೆ. ಬೇಲಿ ಮುಂದಿದ್ದಾಗ ಇದು ತಮಾಷೆಯಲ್ಲ. ಪಿಟಿಓ ಶಾಫ್ಟಿಗೆ ಓವರ್ ರನ್ನಿಂಗ್ ಕ್ಲಚ್ (ಉಪಕರಣ ತಿರುಗಿ ಗಾಡಿಯನ್ನು ತಳ್ಳದಂತೆ ಬಿಡಿಸುವ ಜೋಡಣೆ) ಹಾಕದೆ ಅಂಥ ಗಾಡಿ ಓಡಿಸಬಾರದು.

ಲಿಫ್ಟ್ ಪರೀಕ್ಷೆಗೆ ಗಾಡಿಯ ಜೊತೆ ಇರುವ ಅತಿ ಭಾರದ ಉಪಕರಣ ಕಟ್ಟಿಸಿ ಎತ್ತಿಸಿ. ಎಂಜಿನ್ ಓಡುತ್ತಿರುವಾಗ ಕೆಲವು ಸೆಕೆಂಡಿಗೊಮ್ಮೆ ತಲೆದೂಗಿದಂತೆ ಸ್ವಲ್ಪ ಇಳಿದು ಮತ್ತೆ ಎತ್ತಿಕೊಂಡರೆ ಒಳಗೆ ಸೋರಿಕೆ ಇದೆ. ಎಂಜಿನ್ ನಿಲ್ಲಿಸಿದ ಮೇಲೆ ಗಂಟೆಗಳಲ್ಲಿ ಇಳಿಯುವುದು ಸಹಜ, ಎರಡೇ ನಿಮಿಷದಲ್ಲಿ ನೆಲ ಮುಟ್ಟುವುದು ಸೀಲ್ ಅಥವಾ ಕಂಟ್ರೋಲ್ ವಾಲ್ವ್ ಕೆಲಸ. ನೋಡುವಾಗ ಉಪಕರಣದ ಕೆಳಗೆ ಕಾಲು ಇಡಬೇಡಿ. ಚಿಕ್ಕ ಟ್ರ್ಯಾಕ್ಟರ್‌ಗಳಲ್ಲಿ ಹೈಡ್ರಾಲಿಕ್‌ಗೂ ಗೇರ್ ಬಾಕ್ಸಿಗೂ ಸಾಮಾನ್ಯವಾಗಿ ಒಂದೇ ಆಯಿಲ್. ಗೇರ್ ಲಿವರಿನ ಹರಿದ ರಬ್ಬರಿನಿಂದ ಮಳೆನೀರು ಇಳಿದು ಅದು ಬೆಳ್ಳಗಾಗಿರುತ್ತದೆ. ಒಂದು ಸಲ ಬದಲಾಯಿಸಿದರೆ ಹೋಗುವುದಿಲ್ಲ, ಎರಡು ಮೂರು ಸಲ ತೊಳೆದು ಹಾಕಬೇಕು, ಅದೂ ರಬ್ಬರ್ ಬದಲಾಯಿಸಿದ ಮೇಲೆ.

ಹೈಡ್ರೋಸ್ಟ್ಯಾಟಿಕ್ ಗಾಡಿಯನ್ನು ತಣ್ಣಗಿದ್ದಾಗ ಓಡಿಸಿ ನೋಡುವುದು ವ್ಯರ್ಥ. ಸವೆದ ಪಂಪು ತಣ್ಣನೆಯ ಗಟ್ಟಿ ಆಯಿಲ್‌ನಲ್ಲಿ ಚೆನ್ನಾಗಿಯೇ ಎಳೆಯುತ್ತದೆ. ಅರ್ಧ ಗಂಟೆ ದುಡಿಸಿ, ಆಮೇಲೆ ಏರು ಹತ್ತಿಸಿ.

ಫೋರ್ ವೀಲ್ ಡ್ರೈವ್ ಆದರೆ ಟೈರ್ ಸೈಜನ್ನು ಮ್ಯಾನುಯಲ್ ಜೊತೆ ಹೊಂದಿಸಿ ನೋಡಿ. ಮುಂದಿನ ಚಕ್ರ ಹಿಂದಿನದಕ್ಕಿಂತ ನೂರಕ್ಕೆ ಒಂದರಿಂದ ಐದರಷ್ಟು ಹೆಚ್ಚು ವೇಗದಲ್ಲಿ ಉರುಳುವಂತೆ ಗೇರು ಕೂಡಿಸಿರುತ್ತಾರೆ. ಯಾರೋ ಸಿಕ್ಕಿದ ಸೈಜಿನ ಟೈರ್ ಹಾಕಿಸಿದ್ದರೆ ಆ ಲೆಕ್ಕ ತಪ್ಪಿ, ಗಟ್ಟಿ ನೆಲದಲ್ಲಿ ಮುಂದಿನ ಗೇರುಗಳ ಮೇಲೆ ಬಿಗಿ ಏರುತ್ತಾ ಹೋಗುತ್ತದೆ. ಮುಂದಿನ ಆಕ್ಸಲ್ ಜ್ಯಾಕ್ ಕೊಟ್ಟು ಎತ್ತಿ ಚಕ್ರ ಅಲ್ಲಾಡಿಸಿ, ನಡುವಿನ ಪಿನ್ ಎಷ್ಟು ಸಡಿಲಾಗಿದೆ ನೋಡಿ. ಕೆಸರುಗದ್ದೆಯಲ್ಲಿ ದುಡಿದ ಗಾಡಿಯಾದರೆ ಹಬ್ ಸೀಲ್, ಬ್ರೇಕ್ ಎರಡನ್ನೂ ಇನ್ನೊಮ್ಮೆ ನೋಡಿ. ಹಿಂದಿನ ಟೈರಿನ ವಾಲ್ವ್ ಸುತ್ತ ರಿಮ್ ತುಕ್ಕು ಹಿಡಿದು ಹಪ್ಪಳಿಕೆ ಏಳುತ್ತಿದ್ದರೆ ತೂಕಕ್ಕೆ ಕ್ಯಾಲ್ಸಿಯಂ ಕ್ಲೋರೈಡ್ ನೀರು ತುಂಬಿಸಿದ್ದರು ಅಂತ ಲೆಕ್ಕ. ರಿಮ್ ಒಳಗಿನಿಂದ ಎಷ್ಟು ತಿಂದಿದೆ ಅನ್ನುವುದು ಟೈರ್ ಬಿಚ್ಚಿದರೇ ಗೊತ್ತಾಗುವುದು. ಲೋಡರ್ ಇದ್ದ ಗಾಡಿಯಲ್ಲಿ ಅದರ ಬ್ರ್ಯಾಕೆಟ್ ಕೂರುವ ಜಾಗದ ವೆಲ್ಡಿಂಗ್ ಬಿರುಕು ಹುಡುಕಿ.

ಜಪಾನಿನ ಒಳಮಾರುಕಟ್ಟೆಗೆಂದೇ ತಯಾರಾಗಿ, ಹಳೆಯದಾದ ಮೇಲೆ ಹಡಗು ಹತ್ತಿ ಬರುವ ಚಿಕ್ಕ ಟ್ರ್ಯಾಕ್ಟರ್‌ಗಳು ಹಲವು ದೇಶಗಳಲ್ಲಿ ಅಗ್ಗಕ್ಕೆ ಸಿಗುತ್ತವೆ. ಎಂಜಿನ್ ಗಟ್ಟಿ, ಸಂಶಯವಿಲ್ಲ. ತೊಂದರೆ ಇರುವುದು ಬಿಡಿಭಾಗದಲ್ಲಿ. ಅದೇ ಕಂಪನಿಯ ಡೀಲರ್ ಕೂಡ ಇದು ನಮ್ಮ ಪಟ್ಟಿಯ ಮಾಡೆಲ್ ಅಲ್ಲ ಅಂದುಬಿಡಬಹುದು. ಎಚ್ಚರಿಕೆ ಬರಹಗಳು ಜಪಾನಿ ಭಾಷೆಯಲ್ಲಿ, ಎಷ್ಟೋ ಗಾಡಿಗೆ ಉರುಳಿದಾಗ ಕಾಯುವ ಕಂಬಿಯೇ ಇರುವುದಿಲ್ಲ. ಸೀಟಿನ ಹಿಂದಿನ ಆ ಕಂಬಿ ಮತ್ತು ಸೀಟ್ ಬೆಲ್ಟ್ ವಿಷಯದಲ್ಲಿ ಮಾತ್ರ ನಾನು ಚೌಕಾಸಿ ಒಪ್ಪುವುದಿಲ್ಲ. ಸ್ವೀಡನ್ 1959ರಲ್ಲೇ ಹೊಸ ಟ್ರ್ಯಾಕ್ಟರ್‌ಗಳಿಗೆ ಇಂಥ ರಕ್ಷಣೆ ಕಡ್ಡಾಯ ಮಾಡಿತ್ತು. ಆ ಮಾಡೆಲ್ಲಿಗೆ ಕಂಬಿ ಸಿಗುವುದಿಲ್ಲ ಅಂದರೆ ಇಳಿಜಾರಿನ ಜಮೀನಿನವರು ಆ ಗಾಡಿಯನ್ನು ಅಲ್ಲಿಗೇ ಬಿಡಿ. ಯಾವುದೇ ಹಳೆ ಗಾಡಿಗೆ ಮುಂಗಡ ಕೊಡುವ ಮೊದಲು ಐದು ಬಿಡಿಭಾಗ ಬರೆದುಕೊಂಡು ಅಂಗಡಿಗೆ ಕೇಳಿ: ಕ್ಲಚ್ ಪ್ಲೇಟ್, ವಾಟರ್ ಪಂಪ್, ಹೈಡ್ರಾಲಿಕ್ ಫಿಲ್ಟರ್, ಮುಂದಿನ ಹಬ್ ಸೀಲ್, ಸ್ಟಾರ್ಟರ್. ಎರಡಕ್ಕೆ ಇಲ್ಲ ಅಂದರೆ ಬೇರೆ ಗಾಡಿ ನೋಡಿ.

ಕಾಗದಪತ್ರ: ಎಂಜಿನ್ ನಂಬರ್, ಚಾಸಿಸ್ ನಂಬರ್ ಎರಡನ್ನೂ ಲೋಹದ ಮೇಲೆ ಕೆತ್ತಿರುವಲ್ಲೇ ಓದಿ, ನೋಂದಣಿ ಪುಸ್ತಕದೊಂದಿಗೆ ಹೋಲಿಸಿ. ಸಾಲ ತೀರಿದೆ ಅನ್ನುವುದಕ್ಕೆ ಬಾಯಿಮಾತು ಸಾಲದು, ಸಾಲ ಕೊಟ್ಟವರ ಪತ್ರ ಬೇಕು.

ತಂದ ಮೇಲೆ ಕೆಲಸಕ್ಕೆ ಹಚ್ಚುವ ಮುಂಚೆ ಎಂಜಿನ್ ಆಯಿಲ್, ಗೇರ್ ಬಾಕ್ಸ್ ಆಯಿಲ್, ಮುಂದಿನ ಆಕ್ಸಲ್ ಆಯಿಲ್, ಎಲ್ಲ ಫಿಲ್ಟರ್, ಕೂಲೆಂಟ್, ಫ್ಯಾನ್ ಬೆಲ್ಟ್ ಬದಲಾಯಿಸಿ. ಹಿಂದಿನವರು ಮೊನ್ನೆ ತಾನೇ ಮಾಡಿಸಿದ್ದೇವೆ ಅಂದರೂ ಸರಿ. ಇದಕ್ಕೂ ಮೊದಲ ವರ್ಷದ ಸಣ್ಣಪುಟ್ಟ ರಿಪೇರಿಗೂ ಸೇರಿಸಿ ಗಾಡಿ ಬೆಲೆಯ ಹತ್ತರಲ್ಲಿ ಒಂದೂವರೆ ಪಾಲು ಕೈಯಲ್ಲಿರಲಿ. ಆಮೇಲೆ 50 ಗಂಟೆ ಓಡಿಸಿ ಹೈಡ್ರಾಲಿಕ್ ಫಿಲ್ಟರನ್ನು ಮತ್ತೆ ಬಿಚ್ಚಿ, ಕತ್ತರಿಸಿ, ಒಳಗಿನ ಕಾಗದವನ್ನು ಬಿಸಿಲಿಗೆ ಹಿಡಿದು ನೋಡಿ. ಬೂದು ಬಣ್ಣದ ನುಣ್ಣನೆ ಪುಡಿ ಇದ್ದರೆ ಚಿಂತೆಯಿಲ್ಲ. ಹಿತ್ತಾಳೆ ಬಣ್ಣದ ಮಿಣುಕು ಕಂಡರೆ ಬುಷ್ಷೋ ಸಿಂಕ್ರೊ ರಿಂಗೋ ಸವೆಯುತ್ತಿದೆ, ಇನ್ನೊಂದು 50 ಗಂಟೆಗೆ ಮತ್ತೆ ನೋಡಬೇಕು. ಉಗುರಿಗೆ ಸಿಗುವಷ್ಟು ದೊಡ್ಡ ಉಕ್ಕಿನ ಚೂರು ಸಿಕ್ಕರೆ ಹಲ್ಲು ಮುರಿದಿದೆ. ಗಾಡಿ ನಿಲ್ಲಿಸಿ ಮೆಕ್ಯಾನಿಕ್‌ನನ್ನು ಕರೆಯಿರಿ, ಆ ಚೂರು ಇನ್ನೊಂದು ಗೇರಿನ ನಡುವೆ ಸಿಕ್ಕಿಕೊಳ್ಳುವ ಮೊದಲು.